ಎರಡೂ ಎಡತೋಳು

ಗುಲಾಮ್ ದಸ್ತಗೀರ ಮಾಸ್ತರ ಅಂಗಡ್ಯಾಗ
ಗಡಿಯಾರ ಇರಲಿಲ್ಲ, ಕನ್ನಡಿಗೆ ಪಾದರಸ ಬಿಟ್ಟಿತ್ತು.
ಮೊಳಿಗೆ ಒಂದು ಕೋಟು ತೂಗತಿತ್ತು,
ಕಂದು ಬಣ್ಣದ್ದು, ಕಾಜಾ ಆಗಿದ್ದು, ಗುಂಡಿ ಹಚ್ಚದ್ದು.
ಎರಡೂ ತೋಳು ಎಡಗಡಿವೇ.

ಗಿರಾಕಿ ಕೇಳಿದ್ರ ನಗತಿದ್ರು:
"ಮೇ ತಿಂಗಳು, ಮಧ್ಯಾಹ್ನ ಎರಡೂವರಿ.
ಮದುಮಗ ಹೊರಗ ನಿಂತಿದ್ದ, ಆಟೋ ಚಾಲೂ ಇತ್ತು.
ಕೈಯಾಗ ಕತ್ತರಿ ಇತ್ತು, ತಲಿ ಎಲ್ಲೋ ಇತ್ತು.
ಅರಬಿ ತಪ್ಪು ಮಾಡಂಗಿಲ್ಲ, ಬೇಟಿ,
ಅದು ಸುಮ್ಮನ ಬಿದ್ದಿರತದ."

ನನಗ ಕಲಿಸಿದ್ದು ಹಿಂಗ:
ಅಳತಿ ತಗೋ. ಚಾಕಿಲೆ ಗೆರಿ ಎಳಿ.
ಕತ್ತರಿ ಕಪಾಟಿನ್ಯಾಗ ಇಟ್ಟು ಕೀಲಿ ಹಾಕು.
ಹೋಗು, ಚಾ ಕುಡಿ, ಇಲ್ಲಾ ಮಲಕೋ.
ಎದ್ದು ಬಂದು ನೋಡಿದಾಗ
ಗೆರಿ ಇನ್ನೂ ನಿಂದೇ ಅನಿಸಿದ್ರ ಕತ್ತರಿಸು.
ಬ್ಯಾರೆ ಯಾರೋ ಎಳದಂಗ ಕಂಡ್ರ
ಅಂಗೈಲೆ ಒರಸು.
ಚಾಕಿನ ಗೆರಿ ಅಳಸತದ.
ಕತ್ತರಿ ಗೆರಿ ಅಳಸೂದಿಲ್ಲ.

ಆಗ ನನಗ ಹತ್ತೊಂಬತ್ತು.
ಮುದುಕನ ಆಲಸ್ಯಕ್ಕ ಇದೊಂದು ನೆಪ ಅಂದುಕೊಂಡಿದ್ದೆ.
ಎಂಟು ಬ್ಲೌಸು ಹಾಳಾದ ಮ್ಯಾಲ
ಅಂದುಕೊಳ್ಳೂದು ಬಿಟ್ಟೆ.

ಈಗ ಮಾಸ್ತರಿಲ್ಲ. ಕೋಟು ನನ್ನ ಅಂಗಡ್ಯಾಗ ಅದ,
ಹುಮನಾಬಾದ್ ಬೇಸಿನ ಹಿಂದಿನ ಗಲ್ಲಿ,
ಟಯರ್ ಅಂಗಡಿಗೂ ಬೋರ್‌ವೆಲ್ ಸಾಮಾನಿನ ಅಂಗಡಿಗೂ ನಡುವ.
ಇವತ್ತು ಮುಂಜಾನಿ ಒಬ್ಬಂವ ಕಾಗದ ಹಿಡಕೊಂಡು ಬಂದ:
ಆರು ಶಾಲಿ, ಎರಡು ಸಾವಿರದ ಏಳ್ನೂರು ಜೋಡಿ ಯುನಿಫಾರ್ಮು,
ನಾಕು ಹೊಸ ಮಷೀನು ಅಂವನೇ ಕೊಡ್ತಾನಂತ.
ಸಂಜಿ ಆರರ ಒಳಗ ಸಹಿ ಬೇಕಂತ.
"ಹೂಂ ಅನ್ರಿ ಅಕ್ಕಾ, ವಿಚಾರ ಮಾಡ್ಲಿಕ್ಕ ಏನದ ಇದರಾಗ?"

ಏನದ ಅಂತ ಮಧ್ಯಾಹ್ನದ ತನಕ ವಿಚಾರ ಮಾಡಿದೆ.
ಹೂಂ ಅಂದೆ. ಉಹೂಂ ಅಂದೆ.
ಗುಣಿಸಿದೆ, ಮತ್ತ ಗುಣಿಸಿದೆ,
ಕ್ಯಾಲ್ಕುಲೇಟರಿಗೂ ಬ್ಯಾಸರಾಗಿ ಬ್ಯಾರೆ ಬ್ಯಾರೆ ಉತ್ತರ ಕೊಟ್ಟಿತು.
ತಂಗಿಗೆ ಫೋನ್ ಹಚ್ಚಿದೆ, ಆಕಿ ಹೂಂ ಅಂದ್ಲು.
ಟಯರ್ ಅಂಗಡಿ ಮಹಿಬೂಬ ಚಾಚಾಗ ಕೇಳಿದೆ, ಅಂವ ಉಹೂಂ ಅಂದ.
ನಲವತ್ನಾಕು ಡಿಗ್ರಿ.
ಕರೆಂಟು ಹೋತು.
ಪೆನ್ನು ಕೈಯಾಗ ಜಾರತಿತ್ತು.

ಆಗ ಕೋಟಿನ ಕಡಿ ಕಣ್ಣು ಹೋತು.

ಶಟರ್ ಅರ್ಧ ಇಳಿಸಿದೆ.
ಶಹಾಬಾದ ಕಲ್ಲಿನ ಮ್ಯಾಲ ಎರಡು ತಂಬಿಗಿ ನೀರು ಚೆಲ್ಲಿ
ಅದು ಕುಡಿಯೂತನಕ ನಿಂತೆ.
ಬೆನ್ನು ಹಚ್ಚಿದೆ.
ಕಲ್ಲು ನನಗ ಏನೂ ಕೇಳಲಿಲ್ಲ.

ಮೊದಲ ಲೆಕ್ಕ ಬಂತು, ಹೋತು.
ತಂಗಿ ದನಿ ಬಂತು, ಜರಾ ಹೊತ್ತು ಕುಂತು, ಹೋತು.
ಆಮ್ಯಾಲ ಬರೀ ಅರಬಿ ತುಣುಕು,
ಯಾರೋ ಕಸಬರಿಗಿಲೆ ಒಂದು ಮೂಲಿಗೆ ದೂಡತಿದ್ದಂಗ.
ಆಮ್ಯಾಲ ಅದೂ ಇಲ್ಲ.

ಅಸರ್ ಅಜಾನಿಗೆ ಎಚ್ಚರಾತು.
ಯಾವಾಗ ಮಗ್ಗಲಾಗಿದ್ದೆನೋ,
ಗಲ್ಲದ ಮ್ಯಾಲ ಕಲ್ಲಿನ ಸಂದಿ ಮೂಡಿತ್ತು.
ಮಾರಿ ತೊಳಕೊಂಡು ಕಾಗದ ಹಿಡದೆ.
ಮುಂಜಾನಿಂದ ಹದಿನಾರು ಸಲ ಓದಿದ್ದೇ,
ಈಗ ಕಂಡಿತು:
ಎರಡು ಸಾವಿರದ ಏಳ್ನೂರು ಹುಡುಗ್ರು,
ಅಳತಿ ಮೂರೇ.
ಸಣ್ಣದು, ನಡುವಿಂದು, ದೊಡ್ಡದು.

ಸೂಟಿ ಬೀಳೂ ಮೊದಲ ಇದೇ ಗಲ್ಲಿಲೆ ಹಾಯತಿದ್ವು:
ಮೊಣಕೈ ಹೊರಗ ಬಿದ್ದ ಉದ್ದನ ಹುಡುಗಿ,
ಅಣ್ಣನ ಪ್ಯಾಂಟು ಸುತಳಿಲೆ ಕಟಗೊಂಡು
ಒಂದು ಕೈಲೆ ಹಿಡಕೊಂಡೇ ಓಡೂ ಹುಡುಗ.

ಕೆಳಗ ಖಾಲಿ ಜಾಗಾದಾಗ ಬರದೆ:
ಒಂದೇ ಶಾಲಿ ಸಾಕು, ಒಂದೇ ಮಷೀನು.
ಶಾಲಿ ತೆರದ ದಿನ ನಾನೇ ಬಂದು ಅಳತಿ ತಗೋತೀನಿ.
ಪೆನ್ಸಿಲಿಲೆ ಬರದೆ,
ಆರು ಹೊಡಿಲಿಕ್ಕ ಇನ್ನೂ ಹೊತ್ತಿತ್ತು.
ಚಾ ತರಲಿಕ್ಕ ಹೋದೆ.

ತಿರುಗಿ ಬರೂದರಾಗ ಕರೆಂಟು ಬಂದಿತ್ತು.
ಫ್ಯಾನಿನ ಗಾಳಿಗೆ ಕೋಟಿನ ಎರಡೂ ಎಡತೋಳು
ಒಂದೇ ಕಡಿ ಹಾರತಿದ್ವು.
ಆ ಮದುಮಗ ಅವತ್ತು ಏನು ಹಾಕ್ಕೊಂಡು ಲಗ್ನಾದನೋ,
ಮಾಸ್ತರ ಕಡೀತನಕ ಹೇಳಲೇ ಇಲ್ಲ.